ಮಹಾಗನಿಯ ತುದಿ ನೋಡಿ

ಆವರಗೆರೆ, ಹರಿಹರದ ಕಡೆ ಬದುವಿಗೆ ಮಹಾಗನಿ ಹಾಕಿದ ರೈತಬಂಧುಗಳೇ, ಮೊದಲ ವರ್ಷಗಳಲ್ಲಿ ಬುಡಕ್ಕಿಂತ ತುದಿಯನ್ನೇ ಹೆಚ್ಚು ನೋಡಿ. ಹಿಪ್ಸಿಪೈಲಾ ರೊಬಸ್ಟಾ ಎಂಬ ಪತಂಗದ ಮರಿಹುಳು ಎಳೆಗುಡಿಯೊಳಗೆ ಸುರಂಗ ಕೊರೆಯುತ್ತದೆ. ಗಂಧಗರಿಗೆ ಮರಕ್ಕೂ ಇದೇ ಶತ್ರು. ಚಿಗುರು ಬಾಡಿ, ತೂತಿನ ಬಾಯಲ್ಲಿ ಹಿಕ್ಕೆ ಕಂಡರೆ ಹುಳು ಒಳಗಿದೆ. ಗಿಡ ಸಾಯುವುದು ಅಪರೂಪ. ಆದರೆ ತುದಿ ಸತ್ತೊಡನೆ ಪಕ್ಕದ ಕುಡಿಗಳೆಲ್ಲ ಎದ್ದು ಕಾಂಡ ಕವಲೊಡೆಯುತ್ತದೆ. ನೆಟ್ಟಗಿಲ್ಲದ ದಿಮ್ಮಿಗೆ ಬೆಲೆಯೆಲ್ಲಿ?

ಒಳಗೆ ಸೇರಿದ ಹುಳುವಿಗೆ ಮೇಲಿನ ಸಿಂಪಡಣೆ ತಲುಪದು, ಅದಕ್ಕೆ ದುಡ್ಡು ಸುರಿಯಬೇಡಿ. ಸುರಂಗ ಮುಗಿಯುವ ಜಾಗದ ಕೆಳಗಿನ ಗಟ್ಟಿ ಭಾಗದಲ್ಲಿ ಕುಡಿ ಕತ್ತರಿಸಿ, ಹುಳು ಸಮೇತ ಸುಡಿ. ಮತ್ತೆ ಚಿಗುರಿದಾಗ ಒಂದೇ ನೇರ ಕುಡಿ ಉಳಿಸಿ. ಹೊಸದಾಗಿ ನೆಡುವವರು ಬರೀ ಮಹಾಗನಿಯನ್ನೇ ತುಂಬದೆ ಬೇರೆ ಜಾತಿಯ ಮರಗಳನ್ನೂ ಬೆರೆಸಿ. ಪತಂಗಕ್ಕೆ ಬೇಲಿಯಿಲ್ಲ; ಪಕ್ಕದ ಹೊಲದವರಿಗೂ ಇದನ್ನು ಹೇಳಿ.