ಅರ್ಧ ಮಿಲಿಮೀಟರ್ ಲೆಕ್ಕ

ನಮ್ಮ ಆಪಾಗೆ ಇಪ್ಪತ್ತೇಳು ವರ್ಷ. ಶಾಲೆಯೊಂದರಲ್ಲಿ ಟೀಚರ್. ಕಳೆದ ಬೇಸಿಗೆ ರಜೆಯಲ್ಲಿ ಅವರು ಹಲ್ಲಿಗೆ ಕ್ಲಿಪ್ ಹಾಕಿಸಿಕೊಳ್ಳುತ್ತೇನೆ ಎಂದಾಗ ಮೊಹಲ್ಲಾದಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಈ ವಯಸ್ಸಿನಲ್ಲಾ?" ಆದರೆ ಅವರ ಕೆಳಗಿನ ಬಾಚಿಹಲ್ಲುಗಳು ಬಸ್ಸಿನ ಬಾಗಿಲಲ್ಲಿ ನಿಂತ ಜನರಂತೆ ಒಂದನ್ನೊಂದು ತಳ್ಳಿಕೊಂಡು ನಿಂತಿದ್ದವು. ಬ್ರಷ್ ಹೋಗದ ಸಂದಿಯಲ್ಲಿ ಗಾರೆ ಕಟ್ಟಿ ಒಸಡಿನಿಂದ ರಕ್ತ ಬರುತ್ತಿತ್ತು. ನಗುವಾಗ ದುಪಟ್ಟಾ ಬಾಯಿಗೆ ಅಡ್ಡ ಹಿಡಿಯುವುದು ಅವರಿಗೆ ಅಭ್ಯಾಸವೇ ಆಗಿಹೋಗಿತ್ತು. ಎರಡು ವರ್ಷ ಸಂಬಳದಲ್ಲಿ ಉಳಿಸಿ ಹಣ ಕೂಡಿಸಿದ್ದರು.

ಮೊದಲು ಹೋದ ಕಡೆ ಕೆಳಗಿನ ಒಂದು ಬಾಚಿಹಲ್ಲು ಕೀಳಬೇಕು ಎಂದರು. ಆಪಾ ಹೆದರಿ ಬಂದುಬಿಟ್ಟರು. ಎರಡನೆಯ ಡಾಕ್ಟರ್ ಅಳತೆ ತೆಗೆದು, "ಕೀಳುವುದು ಬೇಡಮ್ಮ, ಹಲ್ಲುಗಳ ಪಕ್ಕ ಸ್ವಲ್ಪ ಉಜ್ಜಿ ಜಾಗ ಮಾಡೋಣ" ಎಂದರು. ನಮ್ಮ ಮನೆಮಾತು ಉರ್ದು. ಕನ್ನಡದಲ್ಲಿ ಕೇಳಿಸಿಕೊಂಡದ್ದನ್ನು ದಾದಿಗೆ ಉರ್ದುವಿನಲ್ಲಿ ಹೇಳುವುದು ನನ್ನ ಕೆಲಸ. ಕನ್ನಡದಲ್ಲಿ ಹಲ್ಲುಜ್ಜುವುದು ದಿನಾ ಬೆಳಿಗ್ಗೆ ಮಾಡುವ ಕೆಲಸ. ನಾನು ಮಾತ್ರ "ದಾಂತ್ ಘಿಸ್‌ಕೇ ಜಗಾ ಬನಾತೇ" ಎಂದೆ. ದಾದಿಯ ಕೈಯಲ್ಲಿದ್ದ ತಸ್ಬೀಹ್ ನಿಂತಿತು. "ಹಲ್ಲು ತೇಯಿಸಿ ಸಂದಿ ಮಾಡಿಸಿಕೊಳ್ಳುವವರ ಬಗ್ಗೆ ಹದೀಸಿನಲ್ಲಿ ಏನಿದೆ ಗೊತ್ತಾ ನಿನಗೆ?" ಎಂದರು. ಅಷ್ಟೇ. ಮೂರು ವಾರ ಚಿಕಿತ್ಸೆ ನಿಂತಿತು. ಆಪಾ ನನ್ನ ಜೊತೆ ಮಾತೇ ಬಿಟ್ಟರು.

ತಪ್ಪು ನನ್ನದಾದ್ದರಿಂದ ಆ ಮೂರು ವಾರ ಇದರ ಬಗ್ಗೆ ಓದಿದೆ. ಡಾಕ್ಟರ ಹತ್ತಿರ ಮತ್ತೆ ಹೋಗಿ ನೋಟ್‌ಬುಕ್ ಹಿಡಿದು ಕೇಳಿದೆ. ವಿಜ್ಞಾನ ವಿಭಾಗದವರು ನಗಬಾರದು, ನಾನು ಕಾಮರ್ಸ್. ಆದರೆ ಈ ವಿಷಯದಲ್ಲಿ ಲೆಕ್ಕವೇ ಜಾಸ್ತಿ ಇದೆ.

ಇದರ ಹೆಸರು ಇಂಟರ್‌ಪ್ರಾಕ್ಸಿಮಲ್ ರಿಡಕ್ಷನ್. ಡಾಕ್ಟರುಗಳು ಐಪಿಆರ್ ಎನ್ನುತ್ತಾರೆ. ಹಲ್ಲಿನ ಹೊರಗೆ ಎನಾಮೆಲ್ ಎಂಬ ಗಟ್ಟಿ ಪದರವಿದೆ. ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು ಅದು. ಅದರೊಳಗೆ ನರ ಇಲ್ಲ. ಆದ್ದರಿಂದ ಅದನ್ನು ತೆಳುವಾಗಿ ತೇಯುವಾಗ ಸಾಮಾನ್ಯವಾಗಿ ಇಂಜೆಕ್ಷನ್ ಕೂಡ ಬೇಕಾಗುವುದಿಲ್ಲ. ಎರಡು ಹಲ್ಲು ಒಂದಕ್ಕೊಂದು ತಾಗುವ ಕಡೆ, ವಜ್ರದ ಪುಡಿ ಅಂಟಿಸಿದ ತೆಳು ಲೋಹದ ಪಟ್ಟಿ ತೂರಿಸಿ ಹಿಂದೆ ಮುಂದೆ ಎಳೆಯುತ್ತಾರೆ. ಸಣ್ಣ ಚಕ್ರ ಅಥವಾ ಬರ್ ಬಳಸುವವರೂ ಇದ್ದಾರೆ. ಎಷ್ಟು ಜಾಗವಾಯಿತು ಎಂದು ಗೇಜ್ ತೂರಿಸಿ ಅಳೆಯುತ್ತಾರೆ. ಕೊನೆಗೆ ಮೇಲ್ಮೈ ನುಣುಪು ಮಾಡಿ ಫ್ಲೋರೈಡ್ ಹಚ್ಚುತ್ತಾರೆ. ಒರಟಾಗಿ ಬಿಟ್ಟರೆ ಅಲ್ಲಿ ಮತ್ತೆ ಗಾರೆ ಕೂರುತ್ತದೆ.

ಈಗ ಆಪಾ ಬಾಯಿಯ ಲೆಕ್ಕ. ಕೆಳಗಿನ ಸಾಲಿನಲ್ಲಿ ಕೊರತೆ 3 ಮಿ.ಮೀ. ಒಂದು ಕೋರೆಹಲ್ಲಿನಿಂದ ಇನ್ನೊಂದು ಕೋರೆಹಲ್ಲಿನವರೆಗೆ ಆರು ಹಲ್ಲು, ಅವುಗಳ ನಡುವೆ ಐದು ಸಂದಿ. ಸಂದಿಗೆ 0.4 ಮಿ.ಮೀ. ಎಂದರೆ ಒಟ್ಟು 2 ಮಿ.ಮೀ. ಉಳಿದ 1 ಮಿ.ಮೀ. ಹಲ್ಲುಗಳನ್ನು ತುಸು ಹೊರಕ್ಕೆ ಸರಿಸಿದರೆ ಸಿಗುತ್ತದೆ. ಒಂದು ಸಂದಿಗೆ ಎರಡು ಗೋಡೆ. ಹಾಗಾಗಿ ಒಂದು ಹಲ್ಲಿನ ಒಂದು ಬದಿಯಿಂದ ಹೋಗುವುದು ಬರೀ 0.2 ಮಿ.ಮೀ. ನಾವು ಜೆರಾಕ್ಸ್ ತೆಗೆಸುವ ಹಾಳೆ ಎರಡು ಒಟ್ಟಿಗೆ ಹಿಡಿದರೆ ಅಷ್ಟು ದಪ್ಪ. ಕೆಳಗಿನ ಬಾಚಿಹಲ್ಲಿನ ಪಕ್ಕದ ಎನಾಮೆಲ್ ಮುಕ್ಕಾಲು ಮಿ.ಮೀ. ಆಸುಪಾಸು ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮುಟ್ಟಬಾರದು ಎಂಬುದು ಬಹಳ ಕಾಲದಿಂದ ನಡೆದುಬಂದ ನಿಯಮ.

ಒಂದು ಬಾಚಿಹಲ್ಲು ಕಿತ್ತಿದ್ದರೆ? ಸುಮಾರು 5.5 ಮಿ.ಮೀ. ಜಾಗ. ಬೇಕಾದದ್ದು ಮೂರು. ಮೂರು ಸಾವಿರ ಬೇಕಾದವನು ಐದೂವರೆ ಸಾವಿರ ಸಾಲ ತಂದ ಹಾಗೆ. ಮಿಕ್ಕ ಜಾಗ ಮುಚ್ಚುವುದು ಮತ್ತೊಂದು ಕೆಲಸ. ಹಾಗೆಂದು ಹಲ್ಲು ಕೀಳುವುದೇ ತಪ್ಪು ಎಂದಲ್ಲ. ಕೊರತೆ 10 ಮಿ.ಮೀ. ಇದ್ದವರಿಗೆ ತೇಯುವುದರಿಂದ ಆಗುವುದಿಲ್ಲ. ಮಕ್ಕಳಿಗಾದರೆ ಅಂಗುಳ ಅಗಲಿಸುವ ದಾರಿಯೂ ಇದೆ. ಬೆಳೆದವರಲ್ಲಿ ಅಂಗುಳದ ನಡುವಿನ ಕೀಲು ಕೂಡಿಕೊಂಡಿರುವುದರಿಂದ ಅದು ಅಷ್ಟು ಸುಲಭವಲ್ಲ. ಅದಕ್ಕೇ ದೊಡ್ಡವರ ಚಿಕಿತ್ಸೆಯಲ್ಲಿ ಐಪಿಆರ್ ಮಾತು ಹೆಚ್ಚು ಬರುತ್ತದೆ.

ಕೆಳಗಿನ ಹಲ್ಲು ಮಾತ್ರ ಏಕೆ, ಮೇಲಿನದು ಏಕಲ್ಲ ಎಂದು ಕೇಳಿದ್ದಕ್ಕೆ ಡಾಕ್ಟರ್ ಹೇಳಿದ್ದು ನನಗೆ ತುಂಬಾ ಹಿಡಿಸಿತು. 1958ರಲ್ಲಿ ವೇಯ್ನ್ ಬೋಲ್ಟನ್ ಎಂಬ ಅಮೆರಿಕದ ದಂತವೈದ್ಯರು ಒಂದು ಅನುಪಾತ ಕೊಟ್ಟರು. ಕೆಳಗಿನ ಆರು ಮುಂದಿನ ಹಲ್ಲುಗಳ ಅಗಲ ಕೂಡಿ, ಮೇಲಿನ ಆರರ ಅಗಲದಿಂದ ಭಾಗಿಸಿ, ನೂರರಿಂದ ಗುಣಿಸಿದರೆ 77.2ರ ಹತ್ತಿರ ಬರಬೇಕು. ಆಗ ಮೇಲೂ ಕೆಳಗೂ ಸರಿಯಾಗಿ ಕೂರುತ್ತವೆ. ಆಪಾದು ಮೇಲೆ 46, ಕೆಳಗೆ 37.5. ಲೆಕ್ಕದ ಪ್ರಕಾರ ಕೆಳಗೆ 35.5 ಸಾಕು. ಹೆಚ್ಚಿರುವುದು ಸರಿಯಾಗಿ 2 ಮಿ.ಮೀ! ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಟ್ರಯಲ್ ಬ್ಯಾಲೆನ್ಸ್ ತಾಳೆಯಾದಾಗ ಆಗುವಷ್ಟೇ ಖುಷಿ ನನಗಾಯಿತು. ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದ ಆಪಾಗೆ ಆಗಲಿಲ್ಲ.

ಹಲ್ಲು ಪಕ್ಕದಲ್ಲಿ ಸವೆಯುವುದು ಹೊಸದೂ ಅಲ್ಲ. ಆಸ್ಟ್ರೇಲಿಯಾದ ರೇಮಂಡ್ ಬೆಗ್ ಎಂಬ ವೈದ್ಯರು ಅಲ್ಲಿನ ಮೂಲನಿವಾಸಿಗಳ ಹಲ್ಲುಗಳನ್ನು ನೋಡಿ 1954ರಲ್ಲಿ ಬರೆದರು: ಒರಟು ಆಹಾರ ಜಗಿದು ಜಗಿದು ಅವರ ಹಲ್ಲುಗಳು ಪಕ್ಕಗಳಲ್ಲೂ ಸವೆಯುತ್ತಿದ್ದವು, ಜಾಗ ತಾನಾಗಿ ಆಗುತ್ತಿತ್ತು. ಮೆತ್ತನೆಯ ಊಟದ ನಮಗೆ ಆ ಸವಕಳಿ ಇಲ್ಲ ಎಂಬುದು ಅವರ ವಾದ. ಎಲ್ಲರೂ ಅದನ್ನು ಪೂರ್ತಿ ಒಪ್ಪುವುದಿಲ್ಲ. 1985ರಲ್ಲಿ ಜಾನ್ ಶೆರಿಡನ್ ಗಾಳಿಯಿಂದ ತಿರುಗುವ ಯಂತ್ರ ಬಳಸಿ ಹಿಂದಿನ ಹಲ್ಲುಗಳಲ್ಲೂ ಜಾಗ ಮಾಡುವ ವಿಧಾನ ಪ್ರಕಟಿಸಿದರು.

ಅಬ್ಬಾ ಕೇಳಿದ್ದು, "ಆಮೇಲೆ ಹುಳುಕು ಹಿಡಿದರೆ?" ಸರಿಯಾದ ಪ್ರಶ್ನೆ. ನಾರ್ವೆಯ ಬ್ಯೋರ್ನ್ ಜಾಕ್ರಿಸನ್ ಮತ್ತು ಜೊತೆಗಾರರು ಕೆಳಗಿನ ಮುಂದಿನ ಹಲ್ಲು ತೇಯಿಸಿಕೊಂಡವರನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರ ಪರೀಕ್ಷಿಸಿ 2007ರಲ್ಲಿ ವರದಿ ಬರೆದರು. ಹೊಸ ಹುಳುಕು ಕಾಣಲಿಲ್ಲ. ಆದರೆ ಅದು ಸರಿಯಾಗಿ ಮಾಡಿದಾಗಿನ ಮಾತು. ಬಾಯಿ ಸ್ವಚ್ಛ ಇಡದವರಿಗೆ, ಹುಳುಕು ಇರುವವರಿಗೆ, ಒಸಡು ಊದಿರುವವರಿಗೆ, ಹಲ್ಲು ಜುಂ ಎನ್ನುವವರಿಗೆ ಮೊದಲು ಅದನ್ನು ಸರಿಮಾಡಬೇಕು. ಆಪಾಗೂ ಮೊದಲು ಗಾರೆ ತೆಗೆದು, ರಕ್ತ ನಿಂತ ಮೇಲೆಯೇ ಮುಂದಿನ ಮಾತು. ತೀರಾ ಒಂದರ ಮೇಲೊಂದು ಏರಿದ ಹಲ್ಲುಗಳ ನಡುವೆ ಪಟ್ಟಿ ನೇರ ಹೋಗುವುದಿಲ್ಲ. ಆದ್ದರಿಂದ ಸ್ವಲ್ಪ ಸರಿದ ಮೇಲೆ ತೇಯುತ್ತಾರೆ. ಒಂದು ವಿಷಯ ಮಾತ್ರ ನೆನಪಿರಲಿ: ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಲೆಕ್ಕಶಾಸ್ತ್ರದಲ್ಲಿ ಗಣಿಯನ್ನು ತೆಗೆದಷ್ಟೂ ಕರಗುವ ಆಸ್ತಿ ಎನ್ನುತ್ತೇವಲ್ಲ, ಹಾಗೆ. ಅದಕ್ಕೇ ಎಷ್ಟು ತೇಯ್ದರು ಎಂದು ಪ್ರತಿ ಸಂದಿಯ ಲೆಕ್ಕ ಬರೆದಿಡುತ್ತಾರೆ. ನಾನು ಆ ಕಾರ್ಡ್ ಕೇಳಿ ನೋಡಿದೆ.

ದಾದಿಯ ಮಾತು ಉಳಿದಿತ್ತು. ಅವರನ್ನು ಹಳೇ ಕಾಲದವರು ಎಂದು ತಳ್ಳಿಹಾಕುವುದು ನನಗೆ ಇಷ್ಟವಿರಲಿಲ್ಲ, ಏಕೆಂದರೆ ಅವರು ಹೇಳಿದ ಹದೀಸ್ ನಿಜವಾಗಿಯೂ ಇದೆ. ಅಬ್ದುಲ್ಲಾ ಬಿನ್ ಮಸ್‌ಊದ್ (ರ.ಅ.) ಅವರಿಂದ ಬಂದದ್ದು, ಬುಖಾರಿ ಮತ್ತು ಮುಸ್ಲಿಂ ಎರಡರಲ್ಲೂ ಇದೆ. ಸೌಂದರ್ಯಕ್ಕಾಗಿ ಹಲ್ಲುಗಳ ನಡುವೆ ಸಂದಿ ಮಾಡಿಸಿಕೊಳ್ಳುವವರನ್ನು ಅದರಲ್ಲಿ ಖಂಡಿಸಲಾಗಿದೆ. ಅಬ್ಬಾ ಇಶಾ ನಮಾಜಿನ ನಂತರ ಇಮಾಮ್ ಸಾಹೇಬರನ್ನು ಕೇಳಿದರು. ವಯಸ್ಸಾದ ಹೆಂಗಸರು ಚಿಕ್ಕವರಂತೆ ಕಾಣಲು ಹಲ್ಲು ತೇಯಿಸಿಕೊಳ್ಳುತ್ತಿದ್ದರು, ಆ ಮಾತು ಅದಕ್ಕೆ ಸಂಬಂಧಿಸಿದ್ದು ಎಂದು ಅವರು ವಿವರಿಸಿದರು. ಚಿಕಿತ್ಸೆಗಾಗಿಯೋ ಹಲ್ಲಿನ ದೋಷಕ್ಕಾಗಿಯೋ ಮಾಡಿದರೆ ತೊಂದರೆ ಇಲ್ಲ ಎಂದು ಇಮಾಮ್ ನವವಿಯವರು ವ್ಯಾಖ್ಯಾನದಲ್ಲಿ ಬರೆದಿದ್ದಾರೆ ಎಂದರು. ಯುದ್ಧದಲ್ಲಿ ಮೂಗು ಕಳೆದುಕೊಂಡ ಸಹಾಬಿ ಅರ್ಫಜಾ (ರ.ಅ.) ಅವರ ಬೆಳ್ಳಿ ಮೂಗು ವಾಸನೆ ಬಂದಾಗ, ಚಿನ್ನದ ಮೂಗು ಹಾಕಿಸಿಕೊಳ್ಳಲು ಪ್ರವಾದಿ(ಸ) ಹೇಳಿದ್ದನ್ನೂ ನೆನಪಿಸಿದರು. ಗಂಡಸರಿಗೆ ಚಿನ್ನ ನಿಷಿದ್ಧವಾಗಿದ್ದರೂ.

ದಾದಿ ಎಲ್ಲ ಕೇಳಿ ಏನೂ ಹೇಳಲಿಲ್ಲ. ಮಾರನೆಯ ದಿನ ಆಪಾ ಹೊರಡುವಾಗ ಆಟೋ ದುಡ್ಡು ಕೊಟ್ಟರು.

ತೇಯುವುದು ಎರಡು ಸಲದಲ್ಲಿ ಮುಗಿಯಿತು. "ಕಿವಿಯೊಳಗೆ ಗರಗಸದ ಸದ್ದು, ನೋವಿಲ್ಲ" ಎಂದರು ಆಪಾ. ಎರಡು ದಿನ ತಣ್ಣೀರು ಹಲ್ಲಿಗೆ ತಾಗಿತು, ಆಮೇಲೆ ಇಲ್ಲ. ಕೆಲವು ತಿಂಗಳ ನಂತರ ಒಂದು ಸಂಜೆ ದಾದಿ ಕನ್ನಡಕ ಹಾಕಿಕೊಂಡು, ನನ್ನ ಮೊಬೈಲ್ ಟಾರ್ಚ್ ಹಿಡಿಸಿ ಆಪಾ ಬಾಯಿಯೊಳಗೆ ಬಹಳ ಹೊತ್ತು ನೋಡಿದರು. ಹಲ್ಲುಗಳು ಒತ್ತಾಗಿ ಸಾಲಾಗಿ ನಿಂತಿದ್ದವು.

"ಸಂದಿ ಮಾಡುತ್ತಾರೆ ಅಂದೆಯಲ್ಲೇ," ಎಂದು ನನ್ನ ಕಡೆ ತಿರುಗಿದರು, "ಎಲ್ಲಿದೆ ಸಂದಿ?"

ಆಪಾ ನಕ್ಕರು. ದುಪಟ್ಟಾ ಹೆಗಲ ಮೇಲೇ ಇತ್ತು.