ಬುಕಿಂಗ್ ಪಟ್ಟಿ ಮತ್ತು ವಾಹನ್ ಲೆಕ್ಕ: ಇವಿ ಷೇರು ಹಿಡಿದ ದೆಹಲಿ ಕನ್ನಡಿಗನೊಬ್ಬನ ಅನುಭವ

ಜನ ಬಾಯಿಮಾತಿನಲ್ಲಿ ಇವಿ ಎನ್ನುವ ವಿದ್ಯುತ್‌ಚಾಲಿತ ವಾಹನಗಳನ್ನು ತಯಾರಿಸುವ ಕಂಪನಿಯ ಷೇರು ಕೊಳ್ಳಬೇಕೆಂದು ಯೋಚಿಸುವ ಸಾಮಾನ್ಯ ಹೂಡಿಕೆದಾರನ ಮುಂದೆ ಎರಡು ಬಗೆಯ ಸಂಖ್ಯೆಗಳು ಇರುತ್ತವೆ. ಮೊದಲನೆಯದು, ಕಂಪನಿ ತಾನೇ ಪ್ರಕಟಿಸುವ ಬುಕಿಂಗ್ ಅಥವಾ ಆರ್ಡರ್‌ಗಳ ಸಂಖ್ಯೆ; ಎರಡನೆಯದು, ಮಾರಾಟವಾದ ವಾಹನಕ್ಕೆ ಆರ್‌ಟಿಒದಲ್ಲಿ ನಂಬರ್ ಸಿಕ್ಕಾಗ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 'ವಾಹನ್' ದತ್ತಾಂಶದಲ್ಲಿ ದಾಖಲಾಗುವ, ಯಾರು ಬೇಕಾದರೂ ಉಚಿತವಾಗಿ ನೋಡಬಹುದಾದ ನೋಂದಣಿಯ ಸಂಖ್ಯೆ. ಈ ಎರಡರ ನಡುವಿನ ಅಂತರ ಎಷ್ಟು ಎಂಬುದೇ ಕಂಪನಿಯ ಆರೋಗ್ಯವನ್ನು ಬೇರೆಲ್ಲ ಲೆಕ್ಕಗಳಿಗಿಂತ ಮೊದಲು ಹೇಳುತ್ತದೆ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ; ಆ ಅಭಿಪ್ರಾಯಕ್ಕೆ ಅವನು ತೆತ್ತ ಬೆಲೆ ಸಣ್ಣದಲ್ಲವಾದ್ದರಿಂದ, ದೆಹಲಿ ರಾಜಧಾನಿ ವಲಯದಲ್ಲಿರುವ ಕನ್ನಡದ ಕುಟುಂಬಗಳಾದರೂ, ವಿಶೇಷವಾಗಿ ನಿವೃತ್ತಿಯ ಹಣವನ್ನು ಕೈಯಲ್ಲಿಟ್ಟುಕೊಂಡವರು, ಅದನ್ನು ಪುಕ್ಕಟೆಯಾಗಿ ಪಡೆಯಲಿ ಎಂಬ ಕಳಕಳಿಯಿಂದ ಈ ಬರಹ ಹುಟ್ಟಿದೆ.

ಈ ಉದ್ಯಮದ ಲಾಭನಷ್ಟವನ್ನು ಇಷ್ಟು ವರ್ಷ ನಿರ್ಧರಿಸಿದ್ದು ಗ್ರಾಹಕರಿಗಿಂತ ಹೆಚ್ಚಾಗಿ ಸಬ್ಸಿಡಿ. ಕೇಂದ್ರ ಸರ್ಕಾರ 2019ರ ಏಪ್ರಿಲ್‌ನಲ್ಲಿ 10,000 ಕೋಟಿ ರೂಪಾಯಿಯ ಮೊತ್ತದೊಂದಿಗೆ ಆರಂಭಿಸಿದ 'ಫೇಮ್‌–2' ಯೋಜನೆಯಲ್ಲಿ ಬ್ಯಾಟರಿಯ ಸಾಮರ್ಥ್ಯದ ಪ್ರತಿ ಕಿಲೊವಾಟ್‌ ಗಂಟೆಗೆ ಇಷ್ಟು ಎಂದು ನೆರವು ನಿಗದಿಯಾಗಿತ್ತು. ಕಂಪನಿ ಆ ಮೊತ್ತವನ್ನು ಗ್ರಾಹಕನ ಬೆಲೆಯಲ್ಲಿ ಮೊದಲೇ ಕಡಿತಗೊಳಿಸಿ, ಆಮೇಲೆ ಸರ್ಕಾರದಿಂದ ವಸೂಲು ಮಾಡಿಕೊಳ್ಳಬೇಕಾಗಿತ್ತು. 2021ರ ಜೂನ್‌ನಲ್ಲಿ ದ್ವಿಚಕ್ರ ವಾಹನಗಳಿಗೆ ಈ ದರ 10,000ದಿಂದ 15,000 ರೂಪಾಯಿಗೆ ಏರಿ, ವಾಹನದ ಬೆಲೆಯ ಶೇ 40ರವರೆಗೆ ನೆರವು ಸಿಗುವಂತಾಯಿತು. 2023ರ ಜೂನ್ 1ರಿಂದ ದರ ಮತ್ತೆ 10,000ಕ್ಕೆ ಇಳಿದು ಮಿತಿ ಶೇ 15ಕ್ಕೆ ಕುಸಿಯಿತು. ಕಾರ್ಖಾನೆ ಬೆಲೆ 1,20,000 ರೂಪಾಯಿ ಇರುವ, 3 ಕಿಲೊವಾಟ್‌ ಗಂಟೆ ಬ್ಯಾಟರಿಯ ಸ್ಕೂಟರ್ ಒಂದನ್ನು ಉದಾಹರಣೆಗೆ ತೆಗೆದುಕೊಂಡರೆ, ಮೇ 31ರಂದು 45,000 ಇದ್ದ ನೆರವು ಮರುದಿನ 18,000ಕ್ಕೆ ಇಳಿದ ಲೆಕ್ಕವಾಗುತ್ತದೆ. ಉಳಿದ 27,000 ರೂಪಾಯಿಯನ್ನು ಗ್ರಾಹಕ ಕೊಡಬೇಕು, ಇಲ್ಲವೇ ಕಂಪನಿ ನುಂಗಿಕೊಳ್ಳಬೇಕು. ಅನಂತರ 2024ರ ಅಕ್ಟೋಬರ್‌ನಲ್ಲಿ ಬಂದ 'ಪಿಎಂ ಇ-ಡ್ರೈವ್' ಯೋಜನೆಯಲ್ಲಿ ದರ ಮೊದಲ ವರ್ಷಕ್ಕೆ 5,000, ಎರಡನೆಯ ವರ್ಷಕ್ಕೆ 2,500 ಎಂದಷ್ಟೇ ನಿಗದಿಯಾಯಿತು.

ಹಣ ಮೊದಲು ಕಂಪನಿಯ ಕೈಯಿಂದ ಹೋಗಿ ಆಮೇಲೆ ಸರ್ಕಾರದಿಂದ ಬರುವ ಈ ವ್ಯವಸ್ಥೆಯಲ್ಲಿ, ಸರ್ಕಾರ ಕೈ ತಡೆದರೆ ಏನಾಗುತ್ತದೆ ಎಂಬುದಕ್ಕೆ ಗುರುಗ್ರಾಮದ ಹೀರೊ ಎಲೆಕ್ಟ್ರಿಕ್ ಉದಾಹರಣೆ. 2021–22ರಲ್ಲಿ 65,000ಕ್ಕೂ ಹೆಚ್ಚು ನೋಂದಣಿಗಳೊಂದಿಗೆ ದೇಶದ ಇ-ಸ್ಕೂಟರ್ ಪೇಟೆಯ ಮೊದಲ ಸ್ಥಾನದಲ್ಲಿದ್ದ ಈ ಕಂಪನಿಯ ಮೇಲೆ, ದೇಶದಲ್ಲೇ ತಯಾರಾದ ಬಿಡಿಭಾಗ ಬಳಸಬೇಕೆಂಬ ನಿಯಮವನ್ನು ಪಾಲಿಸಿಲ್ಲವೆಂಬ ಆರೋಪ ಬಂದು ಸಬ್ಸಿಡಿ ತಡೆಹಿಡಿಯಲಾಯಿತು. ಬಾಕಿ ಹಣ ಬಾರದ ಮೆಟ್ರೊ ಟೈರ್ಸ್ ಸಂಸ್ಥೆಯ ಅರ್ಜಿಯ ಮೇಲೆ ದೆಹಲಿಯ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ 2024ರ ಡಿಸೆಂಬರ್‌ನಲ್ಲಿ ಅದನ್ನು ದಿವಾಳಿ ಪ್ರಕ್ರಿಯೆಗೆ ಒಳಪಡಿಸಿತು. ಅದೇ ತಿಂಗಳು ಗಂಭೀರ ವಂಚನೆ ತನಿಖಾ ಕಚೇರಿ ಹೀರೊ ಎಲೆಕ್ಟ್ರಿಕ್, ಬೆನ್ಲಿಂಗ್ ಹಾಗೂ ಗುರುಗ್ರಾಮದ ಓಕಿನಾವಾ ಕಂಪನಿಗಳಲ್ಲಿ ಶೋಧ ನಡೆಸಿ, ಮೂರೂ ಸೇರಿ 297 ಕೋಟಿ ರೂಪಾಯಿ ಸಬ್ಸಿಡಿಯನ್ನು ಅಕ್ರಮವಾಗಿ ಪಡೆದಿವೆ ಎಂದು ಆರೋಪಿಸಿತು. ಹೀರೊ ಎಲೆಕ್ಟ್ರಿಕ್ ಷೇರುಪೇಟೆಗೆ ಬಂದಿರಲಿಲ್ಲವಾದ್ದರಿಂದ ಸಾಮಾನ್ಯ ಷೇರುದಾರರು ಪಾರಾದರು. ಪೆಟ್ಟು ತಿಂದವರು ಬಿಡಿಭಾಗ ಪೂರೈಸಿದವರು, ಡೀಲರ್‌ಗಳು.

ಈ ಲೇಖಕ ಕೇಂದ್ರ ಸರ್ಕಾರದ ಕಚೇರಿಯೊಂದರಿಂದ ನಿವೃತ್ತನಾಗಿ ಮಯೂರ್ ವಿಹಾರದಲ್ಲಿ ನೆಲೆಸಿದವನು. ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘದಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಕಾಫಿ ಹಿಡಿದು ನಿಲ್ಲುವ ಹಿರಿಯರ ಗುಂಪಿನಲ್ಲಿ ಕೆಲವು ವರ್ಷಗಳಿಂದ ಮಾತು ಊರಿನ ಮಳೆ ಬೆಳೆಯಿಂದ ಇವಿ ಷೇರುಗಳ ಕಡೆಗೆ ತಿರುಗಿತ್ತು. ಅವನು ಕೊಂಡದ್ದು ಬ್ಯಾಟರಿ ಚಾಲಿತ ಮೂರು ಗಾಲಿಯ ವಾಹನಗಳನ್ನು ತಯಾರಿಸುತ್ತೇವೆ ಎನ್ನುತ್ತಿದ್ದ ಒಂದು ಸಣ್ಣ ಕಂಪನಿಯ ಷೇರುಗಳನ್ನು. ಅದರ ಹೆಸರು ಇಲ್ಲಿ ಬೇಕಿಲ್ಲ. ಕೊಳ್ಳಲು ಹೇಳಿದ್ದು ನೋಯ್ಡಾದ ಬ್ರೋಕರ್ ಕಚೇರಿಯೊಂದರಲ್ಲಿದ್ದ ಅವನ ಭಾವಮೈದುನ. ದೆಹಲಿಯಲ್ಲಿ ಮೆಟ್ರೊ ನಿಲ್ದಾಣದಿಂದ ಹೊರಗೆ ಕಾಲಿಟ್ಟವನಿಗೆ ಮೊದಲು ಕಾಣುವುದು ಇ-ರಿಕ್ಷಾಗಳ ಸಾಲು, ಆದ್ದರಿಂದ ಇದಕ್ಕೆ ಬೇಡಿಕೆ ಇಲ್ಲ ಎನ್ನುವಂತಿಲ್ಲ ಎಂಬುದು ಅವನ ವಾದ. ಬೇಡಿಕೆ ಇರುವುದು ನಿಜ. 2014ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ನಿಷೇಧಿಸಿದ್ದ ಇ-ರಿಕ್ಷಾಗಳು 2015ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಿಂದ ಕಾನೂನಿನ ಆಸರೆ ಪಡೆದ ಮೇಲೆ ಬಹಳ ವೇಗವಾಗಿ ಹಬ್ಬಿದವು. ಆದರೆ ಗಂಟೆಗೆ 25 ಕಿಲೊಮೀಟರ್ ವೇಗ ಮೀರಬಾರದ ಈ ಸರಳ ವಾಹನವನ್ನು ಮೋಟರ್, ಆಕ್ಸಲ್, ಚೌಕಟ್ಟು ತರಿಸಿ ಸಣ್ಣ ಶೆಡ್‌ನಲ್ಲೇ ಜೋಡಿಸಿ ಮಾರುವವರು ನೂರಾರು ಮಂದಿ ಇರುವುದರಿಂದ ಯಾವ ತಯಾರಕನಿಗೂ ಬೆಲೆ ಏರಿಸುವ ಶಕ್ತಿ ಇರುವುದಿಲ್ಲ. ಬೇಡಿಕೆ ಇರುವ ವಸ್ತು ಬೇರೆ, ಲಾಭ ತರುವ ಕಂಪನಿ ಬೇರೆ. ಸಂಘದ ಕಾಫಿ ಗುಂಪಿನಲ್ಲಾಗಲಿ ಬ್ರೋಕರ್ ಕಚೇರಿಯಲ್ಲಾಗಲಿ ಈ ಭೇದವನ್ನು ಯಾರೂ ಎತ್ತಿರಲಿಲ್ಲ.

ಲೇಖಕ ಮಾತ್ರ ಸಂಶಯ ಎತ್ತಿದ್ದ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ದಾಖಲಿಸಬೇಕು. ಕಂಪನಿ ಸಾವಿರಾರು ವಾಹನಗಳ ಆರ್ಡರ್ ಬಂದಿದೆ ಎಂದು ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಿದ ಮೇಲೆ ಬೆಲೆ ದಿನವೂ ಏರುತ್ತಿದ್ದಾಗ, ಅವನು ವಾಹನ್ ದತ್ತಾಂಶದಲ್ಲಿ ತಯಾರಕರ ಪಟ್ಟಿ ತೆರೆದು ಆ ಕಂಪನಿಯ ಹೆಸರು ಹುಡುಕಿದ. ತಿಂಗಳ ನೋಂದಣಿ ಬೆರಳೆಣಿಕೆಯಷ್ಟಿತ್ತು. ಅಂದೇ ಮಾರಿಬಿಡೋಣ ಎಂದು ಭಾವಮೈದುನನಿಗೆ ಫೋನ್ ಮಾಡಿದಾಗ ಬಂದ ಉತ್ತರ ಇದು: "ಭಾವ, ನೋಂದಣಿ ಎಲ್ಲ ಆಮೇಲೆ ಆಗತ್ತೆ, ಗಾಡಿಗಳು ಡೀಲರ್ ಹತ್ರ ನಿಂತಿವೆ. ನೀವು ಕಚೇರಿ ಫೈಲ್ ನೋಡೋ ಹಾಗೆ ಷೇರು ನೋಡ್ಬೇಡಿ. ಅಕ್ಕನಿಗೂ ಹೇಳಿದೀನಿ, ದೀಪಾವಳಿವರೆಗೆ ಮುಟ್ಟಬೇಡಿ." ಮನೆಯಲ್ಲಿ ತಮ್ಮನ ಮಾತಿಗೆ ಅಕ್ಕನ ಬೆಂಬಲವಿತ್ತು. ಫೈಲ್ ನೋಡುವ ಕಣ್ಣು ಸರಿಯಾಗಿಯೇ ನೋಡಿತ್ತು. ಅದನ್ನು ಮುಚ್ಚಿಸಿದವನು ಆ ಕಮಿಷನ್ ಕಚೇರಿಯ ಹುಡುಗ ಎಂದು ಬರೆಯಲು ಲೇಖಕನಿಗೆ ಈಗ ಸಂಕೋಚವಿಲ್ಲ.

ಕಂಪನಿಯ ಸಾಲದ ಕಂತು ತಪ್ಪಿದ ಸುದ್ದಿ ಬಂದ ಬೆಳಗ್ಗೆ ಏನಾಯಿತು ಎಂಬುದನ್ನು ವಿವರಿಸುವ ಮೊದಲು 'ಲೋವರ್ ಸರ್ಕ್ಯೂಟ್' ಎಂದರೇನು ಎಂದು ಹೇಳಬೇಕಾಗುತ್ತದೆ. ಒಂದು ಷೇರಿನ ಬೆಲೆ ಒಂದೇ ದಿನದಲ್ಲಿ ನಿಗದಿತ ಶೇಕಡಾವಾರಿಗಿಂತ ಕೆಳಗೆ ಇಳಿಯದಂತೆ ವಿನಿಮಯ ಕೇಂದ್ರ ಹಾಕುವ ಗೆರೆ ಅದು. ಈ ಷೇರಿಗೆ ಆ ಮಿತಿ ಶೇ 5 ಇತ್ತು. ಕುಸಿತಕ್ಕೆ ಇದು ತಡೆ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಎಲ್ಲರೂ ಮಾರಲು ನಿಂತು ಒಬ್ಬನೂ ಕೊಳ್ಳಲು ಬಾರದ ದಿನ ಅದು ಬಾಗಿಲಿಗೆ ಹೊರಗಿನಿಂದ ಹಾಕಿದ ಚಿಲಕವಾಗುತ್ತದೆ. ಪೇಟೆ ತೆರೆಯುವ 9.15ಕ್ಕೆ ಮೊದಲೇ ಲೇಖಕ ಮೊಬೈಲ್ ಹಿಡಿದು ಊಟದ ಮೇಜಿನ ಬಳಿ ಕುಳಿತಿದ್ದ. 9.15 ಆಯಿತು; ಪರದೆಯ ಬಲಗಡೆ ಮಾರುವವರ ಕಾಲಮ್ಮಿನಲ್ಲಿ ಲಕ್ಷಾಂತರ ಷೇರುಗಳು, ಎಡಗಡೆ ಕೊಳ್ಳುವವರ ಕಾಲಮ್ಮಿನಲ್ಲಿ ಐದು ಸಾಲುಗಳಲ್ಲೂ ಸೊನ್ನೆ. ಅವನ ಆರ್ಡರ್‌ನ ಮುಂದೆ 'ಪೆಂಡಿಂಗ್' ಎಂಬ ಪದ. ಅದನ್ನು ರದ್ದು ಮಾಡಿ ಮತ್ತೆ ಹಾಕಿದರೆ ಸರದಿಯಲ್ಲಿ ಇನ್ನೂ ಹಿಂದಕ್ಕೆ ಹೋಗುತ್ತದೆ, ಏಕೆಂದರೆ ಒಂದೇ ಬೆಲೆಯ ಆರ್ಡರ್‌ಗಳಲ್ಲಿ ಮೊದಲು ಬಂದವನಿಗೆ ಮೊದಲ ಅವಕಾಶ; ಸುಮ್ಮನೆ ಬಿಟ್ಟರೆ ಮಧ್ಯಾಹ್ನ 3.30ಕ್ಕೆ ತಾನಾಗಿ ರದ್ದಾಗುತ್ತದೆ. ಭಾವಮೈದುನ ಫೋನ್ ಎತ್ತಲಿಲ್ಲ. ಹೆಂಡತಿ ತಿಂಡಿಯ ತಟ್ಟೆ ತಂದಿಟ್ಟು, ಏನಾಯಿತೆಂದು ಕೇಳದೆ ಎದುರಿನ ಕುರ್ಚಿಯಲ್ಲಿ ಕುಳಿತಳು. ಮರುದಿನ ಹಿಂದಿನ ಮುಕ್ತಾಯದ ಬೆಲೆಯಿಂದ ಮತ್ತೆ ಶೇ 5 ಕೆಳಗೆ ಅದೇ ಗೆರೆ, ಅದೇ ಸೊನ್ನೆಗಳು. ರಾತ್ರಿಯೇ ಆರ್ಡರ್ ಹಾಕಿಟ್ಟರೂ ಬೆಳಗ್ಗೆ ಅದಕ್ಕಿಂತ ಮುಂದೆ ಯಾರದೋ ದೊಡ್ಡ ಖಾತೆಯ ಲಾಟುಗಳು ನಿಂತಿರುತ್ತಿದ್ದವು. ಗ್ರಾಚ್ಯುಟಿ ಹಣದ ಒಂದು ಭಾಗ ಹೀಗೆ ಕಣ್ಣೆದುರೇ, ಮಾರಲು ಸಿದ್ಧನಿದ್ದರೂ ಮಾರಲಾಗದೆ, ಹಂತಹಂತವಾಗಿ ಕರಗಿತು. ಕೊಂಡವನಿಗೆ ನಷ್ಟವಾಗುವುದು ಪೇಟೆಯ ನಿಯಮವೇ ಸರಿ. ಮಾರುವ ಹಕ್ಕೇ ಇಲ್ಲದೆ ನಷ್ಟವನ್ನು ನೋಡುತ್ತ ಕೂರಬೇಕಾದದ್ದು ಬೇರೆಯ ಸಂಕಟ, ಅದನ್ನು ಯಾವ ಸಲಹೆಗಾರನೂ ಮೊದಲೇ ಹೇಳುವುದಿಲ್ಲ.

ಈ ಬಗ್ಗೆ ಲೇಖಕ ಸಲ್ಲಿಸಿದ ಆನ್‌ಲೈನ್ ದೂರಿಗೆ ಬಂದ ಉತ್ತರ ಎರಡು ಸಾಲಿನದು: ಬೆಲೆಯ ಏರಿಳಿತ ಪೇಟೆಗೆ ಸಂಬಂಧಿಸಿದ್ದು, ದೂರು ಮುಕ್ತಾಯಗೊಂಡಿದೆ. ದೂರಿನಲ್ಲಿ ಕೇಳಿದ್ದು ಬೆಲೆಯ ಬಗ್ಗೆ ಅಲ್ಲ. ಪ್ರಕಟಿಸಿದ ಆರ್ಡರ್‌ಗೂ ವಾಹನ್ ನೋಂದಣಿಗೂ ಹೊಂದಾಣಿಕೆ ಇಲ್ಲದಿರುವುದನ್ನು ಯಾರಾದರೂ ಪರಿಶೀಲಿಸಿದ್ದಾರೆಯೇ ಎಂದು. ಆ ಉತ್ತರಕ್ಕೆ ಸಹಿ ಹಾಕಿದ ಅಧಿಕಾರಿ ದೂರನ್ನು ಓದಿರಲಿಲ್ಲ ಎಂಬುದರಲ್ಲಿ ಸಂಶಯವಿಲ್ಲ.

ಪರಿಶೀಲಿಸಿದರೆ ಏನು ಸಿಗುತ್ತದೆ ಎಂಬುದನ್ನು ಮಾರುಕಟ್ಟೆ ನಿಯಂತ್ರಕ ಸಂಸ್ಥೆ ಸೆಬಿ 2025ರ ಏಪ್ರಿಲ್ 15ರಂದು ಜೆನ್ಸೋಲ್ ಎಂಜಿನಿಯರಿಂಗ್ ಕಂಪನಿಯ ವಿರುದ್ಧ ಹೊರಡಿಸಿದ ಮಧ್ಯಂತರ ಆದೇಶ ತೋರಿಸುತ್ತದೆ. ಇವಿ ಷೇರು ಕೊಳ್ಳುವವರೆಲ್ಲ ಅದನ್ನು ಒಮ್ಮೆ ಪೂರ್ತಿ ಓದಬೇಕು. ಗುರುಗ್ರಾಮದ ಬ್ಲೂಸ್ಮಾರ್ಟ್ ಟ್ಯಾಕ್ಸಿ ಸೇವೆಗೆ ಕಾರು ಒದಗಿಸಲೆಂದು ಈ ಕಂಪನಿ ಇರೆಡಾ ಮತ್ತು ಪವರ್ ಫೈನಾನ್ಸ್ ಕಾರ್ಪೊರೇಷನ್‌ ಎಂಬ ಎರಡು ಸರ್ಕಾರಿ ಸಂಸ್ಥೆಗಳಿಂದ 6,400 ವಿದ್ಯುತ್ ಕಾರುಗಳಿಗಾಗಿ 663.89 ಕೋಟಿ ರೂಪಾಯಿ ಸಾಲ ಪಡೆದಿತ್ತು. ಕೊಂಡದ್ದು 4,704 ಕಾರುಗಳನ್ನು, ಮತ್ತು ಸೆಬಿಯ ಲೆಕ್ಕದಂತೆ 262.13 ಕೋಟಿಗೆ ಸಮರ್ಪಕ ವಿವರಣೆ ಇರಲಿಲ್ಲ. ಹಣದ ಒಂದು ಪಾಲು ಬೇರೆ ಕಂಪನಿಗಳ ಮೂಲಕ ಹಾದು ಗುರುಗ್ರಾಮದ 'ಕಮೆಲಿಯಾಸ್' ವಸತಿ ಸಮುಚ್ಚಯದಲ್ಲಿ ಐಷಾರಾಮಿ ಫ್ಲ್ಯಾಟ್ ಖರೀದಿಗೆ ಹೋಗಿದೆ ಎಂದು ಆದೇಶ ಮೇಲ್ನೋಟಕ್ಕೆ ಕಂಡುಕೊಂಡಿತು. ಇದಕ್ಕಿಂತ ಮುಖ್ಯವಾದದ್ದು ಆರ್ಡರ್‌ಗಳ ಕಥೆ. 2025ರ ಜನವರಿಯಲ್ಲಿ ದೆಹಲಿಯ ಭಾರತ್ ಮೊಬಿಲಿಟಿ ವಾಹನ ಮೇಳದಲ್ಲಿ ಪ್ರದರ್ಶಿಸಿದ ತನ್ನ ಪುಟ್ಟ ಕಾರಿಗೆ 30,000 ಮುಂಗಡ ಆರ್ಡರ್ ಬಂದಿವೆ ಎಂದು ಕಂಪನಿ ಪ್ರಕಟಿಸಿತ್ತು. ದಾಖಲೆ ತರಿಸಿ ನೋಡಿದಾಗ ಅವು ಒಂಬತ್ತು ಸಂಸ್ಥೆಗಳು 29,000 ಕಾರುಗಳ ಬಗ್ಗೆ ಆಸಕ್ತಿ ತೋರಿಸಿದ ತಿಳಿವಳಿಕೆ ಪತ್ರಗಳಾಗಿದ್ದವು. ಬೆಲೆಯಾಗಲಿ ವಿತರಣೆಯ ದಿನಾಂಕವಾಗಲಿ ಅವುಗಳಲ್ಲಿ ಇರಲಿಲ್ಲ. ಏಪ್ರಿಲ್ 9ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ಅಧಿಕಾರಿಯೊಬ್ಬರು ಪುಣೆಯ ಚಾಕಣದ ಘಟಕಕ್ಕೆ ಹೋದಾಗ ತಯಾರಿಕೆ ನಡೆಯುತ್ತಿರಲಿಲ್ಲ, ಇಬ್ಬರು ಮೂವರು ಕಾರ್ಮಿಕರಷ್ಟೇ ಇದ್ದರು. ವಿದ್ಯುತ್ ಬಿಲ್ ಕೇಳಿದರೆ ಹಿಂದಿನ ಒಂದು ವರ್ಷದಲ್ಲಿ ಅತಿ ಹೆಚ್ಚು ಬಂದ ತಿಂಗಳಲ್ಲೂ ಅದು ಸುಮಾರು 1.57 ಲಕ್ಷ ರೂಪಾಯಿ. ಕಾರು ತಯಾರಿಸುವ ಕಾರ್ಖಾನೆಗೆ ಅಷ್ಟು ಕರೆಂಟು ಸಾಲದು ಎಂಬುದು ಯಾರಿಗಾದರೂ ತಿಳಿಯುವ ವಿಷಯ. ಅಷ್ಟರಲ್ಲಿ ಸಾಮಾನ್ಯ ಷೇರುದಾರರ ಸಂಖ್ಯೆ ಐದು ವರ್ಷಗಳಲ್ಲಿ 155ರಿಂದ ಒಂದು ಲಕ್ಷ ಮೀರಿ ಬೆಳೆದಿತ್ತು, ಪ್ರವರ್ತಕರ ಪಾಲು ಶೇ 70ರಿಂದ ಅದರ ಸುಮಾರು ಅರ್ಧಕ್ಕೆ ಇಳಿದಿತ್ತು. ಆದೇಶದ ಬೆನ್ನಲ್ಲೇ ದೆಹಲಿ, ಬೆಂಗಳೂರು, ಮುಂಬೈಗಳಲ್ಲಿ ಬ್ಲೂಸ್ಮಾರ್ಟ್ ಟ್ಯಾಕ್ಸಿಗಳ ಬುಕಿಂಗ್ ನಿಂತುಹೋಯಿತು. ಆ ಕಾರುಗಳನ್ನು ಓಡಿಸಿ ಸಂಸಾರ ನಡೆಸುತ್ತಿದ್ದ ಚಾಲಕರಿಗೆ ಆದ ಅನ್ಯಾಯ ಷೇರುದಾರರ ನಷ್ಟಕ್ಕಿಂತ ದೊಡ್ಡದು.

ಇಂಥ ಅಂತರ ದೊಡ್ಡ ಕಂಪನಿಗಳಲ್ಲೂ ಕಾಣಿಸಿಕೊಳ್ಳುತ್ತದೆ, ಎಲ್ಲ ಕಡೆ ಅದರ ಅರ್ಥ ವಂಚನೆ ಎಂದಲ್ಲ. ಬೆಂಗಳೂರಿನ ಓಲಾ ಎಲೆಕ್ಟ್ರಿಕ್ 2025ರ ಫೆಬ್ರುವರಿಯಲ್ಲಿ 25,000ಕ್ಕೂ ಹೆಚ್ಚು ಸ್ಕೂಟರ್ ಮಾರಿದ್ದಾಗಿ ಹೇಳಿದಾಗ ವಾಹನ್‌ನಲ್ಲಿ ಇದ್ದದ್ದು ಸುಮಾರು 8,600. ನೋಂದಣಿ ಮಾಡಿಸುವ ಏಜೆನ್ಸಿಗಳೊಂದಿಗಿನ ಒಪ್ಪಂದ ಬದಲಾಗುತ್ತಿರುವುದರಿಂದ ವಿಳಂಬವಾಗಿದೆ ಎಂದು ಕಂಪನಿ ವಿವರಿಸಿತು, ಸರ್ಕಾರ ಸ್ಪಷ್ಟನೆ ಕೇಳಿತು. 2024ರ ಆಗಸ್ಟ್‌ನಲ್ಲಿ 76 ರೂಪಾಯಿಗೆ ಹಂಚಿಕೆಯಾಗಿ ಅದೇ ತಿಂಗಳು 150 ದಾಟಿದ್ದ ಆ ಷೇರು ಅಷ್ಟು ಹೊತ್ತಿಗೆ ಹಂಚಿಕೆಯ ಬೆಲೆಗಿಂತಲೂ ಕೆಳಗಿತ್ತು.

ಕೊಳ್ಳುವವರು ಮಾಡಬೇಕಾದದ್ದು ಇಷ್ಟೇ. ವಾಹನ್‌ನಲ್ಲಿ ತಯಾರಕರವಾರು ನೋಂದಣಿಯನ್ನು ಕನಿಷ್ಠ ಒಂದು ವರ್ಷದ ಮಟ್ಟಿಗೆ ನೋಡಬೇಕು. ತೆಲಂಗಾಣದ ನೋಂದಣಿಗಳು ಬಹುಕಾಲ ಅದರಲ್ಲಿ ಸೇರಿರಲಿಲ್ಲವೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪ್ರವರ್ತಕರು ತಮ್ಮ ಷೇರುಗಳಲ್ಲಿ ಎಷ್ಟನ್ನು ಸಾಲಕ್ಕೆ ಅಡಮಾನ ಇಟ್ಟಿದ್ದಾರೆ ಎಂಬುದು ಪ್ರತಿ ತ್ರೈಮಾಸಿಕದ ಷೇರುದಾರರ ವಿವರದಲ್ಲಿ ಇರುತ್ತದೆ. ರೇಟಿಂಗ್ ಸಂಸ್ಥೆಗಳ ವರದಿ ಉಚಿತವಾಗಿ ಸಿಗುತ್ತದೆ; ಜೆನ್ಸೋಲ್‌ನ ರೇಟಿಂಗ್ ಅನ್ನು ಕೇರ್ ಮತ್ತು ಇಕ್ರಾ ಸಂಸ್ಥೆಗಳು ಸಾಲ ಮರುಪಾವತಿ ತಪ್ಪಿದ 'ಡಿ' ದರ್ಜೆಗೆ ಇಳಿಸಿದ್ದು 2025ರ ಮಾರ್ಚ್ ಆರಂಭದಲ್ಲಿ, ಸೆಬಿ ಆದೇಶಕ್ಕೆ ಒಂದು ತಿಂಗಳಿಗೂ ಮುಂಚೆ. ಈಗಾಗಲೇ ಸಿಕ್ಕಿಕೊಂಡವರು ಸರ್ಕ್ಯೂಟ್ ತೆರೆದ ಮೊದಲ ದಿನವೇ ಮಾರಿ, ಆದಾಯ ತೆರಿಗೆ ರಿಟರ್ನ್ ಅನ್ನು ಗಡುವಿನೊಳಗೆ ಸಲ್ಲಿಸಿದರೆ ಆ ಬಂಡವಾಳ ನಷ್ಟವನ್ನು ಎಂಟು ವರ್ಷಗಳವರೆಗೆ ಮುಂದಿನ ಬಂಡವಾಳ ಲಾಭದ ಎದುರು ಕಳೆಯಬಹುದು. ಬೆಲೆ ಮತ್ತೆ ಏರುತ್ತದೆಂದು ಕಾಯುತ್ತ ಕೂತು ವಹಿವಾಟೇ ಸ್ಥಗಿತಗೊಂಡರೆ, ಮಾರಾಟವಾಗದ ಷೇರಿನ ನಷ್ಟವನ್ನು ರಿಟರ್ನ್‌ನಲ್ಲಿ ತೋರಿಸಲೂ ಆಗುವುದಿಲ್ಲ.