ಹತ್ತು ಸಾವಿರದೊಳಗೆ ಒಂದು ಜೋಡಿ ಸ್ಪೀಕರ್

ಬ್ಲೂಟೂತ್ ಡಬ್ಬಿಯಲ್ಲಿ ಹಾಡು ಹಾಕಿದರೆ ಅದು ಡಬ್ಬಿಯೊಳಗಿಂದಲೇ ಬರುತ್ತದೆ. ಎರಡು ಸ್ಪೀಕರ್‌ಗಳನ್ನು ಸರಿಯಾದ ಜಾಗದಲ್ಲಿಟ್ಟು ಎದುರಿಗೆ ಕೂತರೆ ಗಾಯಕಿ ಎರಡರ ನಡುವಿನ ಖಾಲಿ ಜಾಗದಲ್ಲಿ ಕೂತು ಹಾಡಿದ ಹಾಗಾಗುತ್ತದೆ. ಪಿಟೀಲು ಒಂದು ಕಡೆಯಿಂದ, ಮೃದಂಗ ಇನ್ನೊಂದು ಕಡೆಯಿಂದ ಕೇಳುತ್ತವೆ. ಬ್ರಿಟನ್ನಿನ ಎಂಜಿನಿಯರ್ ಅಲನ್ ಬ್ಲಮ್‌ಲೈನ್ 1931ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು ಈ ಸ್ಟೀರಿಯೊ ತಂತ್ರಕ್ಕೇ. ಹಾಸ್ಟೆಲ್ಲಿನಲ್ಲೋ ಪಿಜಿಯಲ್ಲೋ ಇದ್ದುಕೊಂಡು ಓದುತ್ತಿರುವವರ ಜೇಬಿಗೂ ಅದು ದಕ್ಕುತ್ತದೆ. ದುಡ್ಡನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದಷ್ಟೇ ಗೊತ್ತಿರಬೇಕು.

ಬೇಕಾದದ್ದು ಮೂರೇ: ಹಾಡಿನ ಮೂಲ, ಆಂಪ್ಲಿಫೈಯರ್, ಒಂದು ಜೋಡಿ ಸ್ಪೀಕರ್. ಮೂಲ ನಿಮ್ಮ ಮೊಬೈಲು, ಅದಕ್ಕೆ ಹೊಸ ಖರ್ಚಿಲ್ಲ. ಕೈಯಲ್ಲಿ 10,000 ರೂಪಾಯಿ ಇದೆ ಎಂದುಕೊಳ್ಳೋಣ. ನನ್ನ ಲೆಕ್ಕದಲ್ಲಿ ಆರೂವರೆ ಸಾವಿರ ಸ್ಪೀಕರಿಗೆ, ಎರಡು ಸಾವಿರ ಆಂಪಿಗೆ, ಉಳಿದದ್ದು ತಂತಿ, ಬಟ್ಟೆ, ಇಟ್ಟಿಗೆಗೆ. ಅಂಗಡಿಯಲ್ಲಿ ಇದಕ್ಕೆ ಉಲ್ಟಾ ಹೇಳಬಹುದು. ವಾಟ್ ತೋರಿಸಿ ಮಾರುವುದು ಸುಲಭ ನೋಡಿ.

ಈ ವಾಟಿನ ವಿಷಯವನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು. ಈಗ ಅಗ್ಗಕ್ಕೆ ಸಿಗುವ ಅಂಗೈಯಗಲದ ಆಂಪ್‌ಗಳು ಕ್ಲಾಸ್ ಡಿ ಎಂಬ ಜಾತಿಯವು. ಬಹಳಷ್ಟರ ಒಳಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಪಿಎ3116 ಚಿಪ್ ಇರುತ್ತದೆ. ಚಿಪ್ ಒಳ್ಳೆಯದೇ, ಸುಳ್ಳು ಇರುವುದು ಡಬ್ಬದ ಮೇಲೆ. ‘100+100 ವಾಟ್’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ಜೊತೆಗಿರುವ ಅಡಾಪ್ಟರನ್ನು ತಿರುಗಿಸಿ ಓದಿ. 19 ವೋಲ್ಟ್, 3.42 ಆಂಪಿಯರ್ ಎಂದಿದೆಯೇ? ಗುಣಿಸಿದರೆ 65 ವಾಟ್. ಒಳಗೆ ಹೋಗುವುದೇ 65, ಹೊರಗೆ 200 ಬರುವುದು ಎಲ್ಲಿಂದ? 19 ವೋಲ್ಟಿನಲ್ಲಿ ಈ ಚಿಪ್ 8 ಓಮ್‌ನ ಒಂದೊಂದು ಸ್ಪೀಕರಿಗೆ ಕೊಡಬಲ್ಲದ್ದು ಹೆಚ್ಚೆಂದರೆ 20 ವಾಟ್ ಆಸುಪಾಸು. ಇನ್ನು ‘ಪಿಎಂಪಿಒ’ ಎಂಬ ನಾಲ್ಕಂಕಿಯ ಸಂಖ್ಯೆ ಕಂಡರೆ ಅದನ್ನು ಓದುವ ಶ್ರಮವನ್ನೂ ತೆಗೆದುಕೊಳ್ಳಬೇಡಿ. ಕೇಳಬೇಕಾದದ್ದು ಆರ್‌ಎಂಎಸ್ ವಾಟ್, ಅಂದರೆ ಆಂಪ್ ಸತತವಾಗಿ ಕೊಡಬಲ್ಲ ವಾಟ್.

20 ವಾಟ್ ಸಾಕೇ? ಧಾರಾಳ ಸಾಕು. ಸ್ಪೀಕರಿನ ಹಿಂದೆ ‘87 ಡೆಸಿಬೆಲ್’ ಎಂದಿದ್ದರೆ, ಒಂದೇ ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದಾಗುತ್ತದೆ ಎಂದರ್ಥ. ಅಡುಗೆಮನೆಯ ಮಿಕ್ಸಿ ಮಾಡುವ ಗಲಾಟೆಯೂ ಹೆಚ್ಚುಕಡಿಮೆ ಅಷ್ಟೇ. ವಾಟ್ ದುಪ್ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಟ್ಟು ವಾಟ್ ಬೇಕು. ಹಾಗಾಗಿ 20 ವಾಟಿನ ಆಂಪಿಗೂ 40 ವಾಟಿನದಕ್ಕೂ ಇರುವ ವ್ಯತ್ಯಾಸ ದುಡ್ಡು ಕೊಡುವಾಗ ತಿಳಿಯುವಷ್ಟು ಕೇಳುವಾಗ ತಿಳಿಯುವುದಿಲ್ಲ. ಮನೆಯಲ್ಲಿ ಕೆಟ್ಟ ಲ್ಯಾಪ್‌ಟಾಪಿನ 19 ವೋಲ್ಟ್ ಚಾರ್ಜರ್ ಬಿದ್ದಿದ್ದರೆ ಅದೂ ನಡೆಯುತ್ತದೆ, ಪಿನ್ ಹೊಂದಿದರಾಯಿತು. ಈ ಚಿಪ್ 26 ವೋಲ್ಟ್‌ವರೆಗೆ ತಾಳಿಕೊಳ್ಳುತ್ತದೆ.

ಸ್ಪೀಕರ್ ಮಾತ್ರ ಹಳೆಯದನ್ನೇ ಹುಡುಕಿ. ಇದೇ ದುಡ್ಡಿಗೆ ಹೊಸದರಲ್ಲಿ ಬರುವುದಕ್ಕಿಂತ ಗಟ್ಟಿ ಪೆಟ್ಟಿಗೆ, ಬೇಸ್ ನುಡಿಸುವ ದೊಡ್ಡ ವೂಫರ್ ಹಳೆಯದರಲ್ಲಿ ಸಿಗುತ್ತದೆ. ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆ ಇದೆ, ಚಿಕ್ಕಪೇಟೆ ಕಡೆಯ ಸಂಡೇ ಬಜಾರ್ ಇದೆ. ಬೇರೆ ಊರಿನವರು ಹಳೇ ರೇಡಿಯೊ ರಿಪೇರಿ ಅಂಗಡಿಗಳಲ್ಲಿ ವಿಚಾರಿಸಿ. ಕೋಲ್ಕತ್ತದ ಸೋನೊಡೈನ್, ಫಿಲಿಪ್ಸ್, ಪಯೊನಿಯರ್ ಹೆಸರಿನ ಜೋಡಿಗಳು ಕಣ್ಣಿಗೆ ಬಿದ್ದರೆ ನಿಂತು ನೋಡಿ. ಜೋಡಿಯಾಗಿಯೇ ಕೊಳ್ಳಬೇಕು, ಬೇರೆಬೇರೆ ಮಾಡೆಲಿನ ಎರಡು ಸ್ಪೀಕರ್ ಎಷ್ಟೇ ಚೆನ್ನಾಗಿದ್ದರೂ ಗಾಯಕಿ ನಡುವೆ ಕೂರುವುದಿಲ್ಲ.

ಕೊಳ್ಳುವ ಮುಂಚೆ ಮುಂದಿನ ಬಟ್ಟೆ ತೆಗೆಸಿ. ವೂಫರಿನ ಅಂಚಿನ ಸುತ್ತ ಇರುವ ಮೆತ್ತನೆಯ ಬಳೆ ಫೋಮಿನದ್ದಾದರೆ ವರ್ಷಗಳು ಕಳೆದಂತೆ ಉದುರಿಹೋಗುತ್ತದೆ. ಬೆರಳಿಂದ ಮೆಲ್ಲಗೆ ಮುಟ್ಟಿದರೆ ಪುಡಿ ಅಂಟುತ್ತದೆ. ರಬ್ಬರಿನದ್ದು ಬಹುಕಾಲ ಬಾಳುತ್ತದೆ. ಕೋನನ್ನು ಎರಡೂ ಕೈಯ ಬೆರಳುಗಳಿಂದ ಸಮವಾಗಿ ಒಳಕ್ಕೆ ಒತ್ತಿ. ‘ಕರಕರ’ ಎಂದರೆ ಒಳಗಿನ ಕಾಯಿಲ್ ಉಜ್ಜುತ್ತಿದೆ, ಬಿಟ್ಟುಬಿಡಿ. ಮಲ್ಟಿಮೀಟರ್ ಹಿಡಿದರೆ 8 ಓಮ್ ಸ್ಪೀಕರ್ ಸುಮಾರು 6 ಓಮ್ ತೋರಿಸಬೇಕು. ಗೋಡೆಗಡಿಯಾರದ 1.5 ವೋಲ್ಟ್ ಸೆಲ್ಲಿನ ಪ್ಲಸ್ಸನ್ನು ಕೆಂಪು ತುದಿಗೆ, ಮೈನಸ್ಸನ್ನು ಕಪ್ಪಿಗೆ ಒಂದು ಕ್ಷಣ ತಾಗಿಸಿದರೆ ಕೋನ್ ‘ಟಪ್’ ಎಂದು ಮುಂದಕ್ಕೆ ಜಿಗಿಯಬೇಕು. ಫೋಮ್ ಮಾತ್ರ ಹೋಗಿದ್ದು ಉಳಿದದ್ದು ಸರಿಯಿದ್ದರೆ, ಬೆಲೆ ಇಳಿಸಿ ಕೊಂಡು ಸ್ಪೀಕರ್ ರೀಕೋನಿಂಗ್ ಮಾಡುವವರ ಹತ್ತಿರ ಹೊಸ ಬಳೆ ಹಾಕಿಸಬಹುದು.

ಕೇಬಲ್ಲಿಗೆ ಹೆಚ್ಚು ಮಾತು ಬೇಡ. ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿಲಿಮೀಟರ್ ದಪ್ಪದ ಎರಡೆಳೆಯ ತಾಮ್ರದ ತಂತಿ ಒಂದು ರೂಮಿಗೆ ಸಾಕು. ಚಿನ್ನದ ಲೇಪದ ದುಬಾರಿ ತಂತಿ ಅಂಗಡಿಯಲ್ಲೇ ಇರಲಿ.

ಇನ್ನು ಅಂದಚೆಂದ. ಹಳೆಯ ಪೆಟ್ಟಿಗೆಗಳ ಮೈ ಗೀರಿ ಹೋಗಿರುತ್ತದೆ. ಮರದ ವೆನೀರ್ ಇದ್ದರೆ 220 ನಂಬರಿನ ಉಪ್ಪುಕಾಗದದಿಂದ ನಾರಿನ ಗುಂಟ ಹಗುರವಾಗಿ ಉಜ್ಜಿ, ಲಿನ್‌ಸೀಡ್ ಎಣ್ಣೆಯನ್ನು ಬಟ್ಟೆಯಲ್ಲಿ ಸವರಿ, ಪೂರ್ತಿ ಒಣಗುವವರೆಗೆ ಬಿಡಿ. ಮರದ ಬಣ್ಣ ಎದ್ದು ಬರುತ್ತದೆ. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು, ಹರಡಿ ಒಣಗಿಸಿ. ಮುಂದಿನ ಬಟ್ಟೆ ಹರಿದಿದ್ದರೆ ಅಮ್ಮನ ಹಳೆಯ ತೆಳು ಕಾಟನ್ ಸೀರೆಯ ತುಂಡು ಬಿಗಿಯಬಹುದು. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ, ಉಸಿರು ಸಲೀಸಾಗಿ ದಾಟಿದರೆ ಸದ್ದೂ ದಾಟುತ್ತದೆ. ಸ್ಟ್ಯಾಂಡಿಗೆ ದುಡ್ಡು ಹಾಕಬೇಡಿ. 16 ಇಂಚಿನ ಸಾಲಿಡ್ ಬ್ಲಾಕ್ ಒಂದೊಂದನ್ನು ನಿಲ್ಲಿಸಿ, ಬಣ್ಣ ಬಳಿದು, ಮೇಲೆ ರಬ್ಬರ್ ತುಂಡಿಟ್ಟು ಸ್ಪೀಕರ್ ಕೂರಿಸಿ. ಚಾಪೆಯ ಮೇಲೆ ಕೂತು ಕೇಳುವವರ ಕಿವಿಯ ಹತ್ತಿರಕ್ಕೆ, ಎತ್ತರದ ಸ್ವರ ನುಡಿಸುವ ಟ್ವೀಟರ್ ಬರುತ್ತದೆ. ಎತ್ತರ ಕಡಿಮೆಯಾದರೆ ಸ್ಪೀಕರನ್ನು ಕೊಂಚ ಹಿಂದಕ್ಕೆ ವಾಲಿಸಿ.

ಎರಡು ಸ್ಪೀಕರ್ ಮತ್ತು ನಿಮ್ಮ ತಲೆ, ಈ ಮೂರರ ನಡುವಿನ ಅಂತರ ಒಂದೇ ಇರಲಿ, ಐದಾರು ಅಡಿ. ಹಿಂದಿನ ಗೋಡೆಯಿಂದ ಒಂದಡಿಯಾದರೂ ಮುಂದೆ ಎಳೆಯಿರಿ. ಮೂಲೆಗೆ ತಳ್ಳಿದರೆ ಬೇಸ್ ಉಬ್ಬಿ ಮೃದಂಗದ ಎಡಭಾಗ ಬರೀ ಗುಂಯ್‌ಗುಟ್ಟುತ್ತದೆ. ನಮ್ಮ ರೂಮುಗಳ ಟೈಲ್ಸ್ ನೆಲ, ಸಿಮೆಂಟ್ ಗೋಡೆ ಸದ್ದನ್ನು ಹಾಗೇ ವಾಪಸು ಎಸೆಯುತ್ತವೆ. ಚಪ್ಪಾಳೆ ತಟ್ಟಿದಾಗ ಟಿಂಯ್ ಎಂಬ ಬಾಲ ಕೇಳಿದರೆ ಎದುರಿನ ನೆಲಕ್ಕೆ ದಪ್ಪ ಜಮಖಾನ ಹಾಸಿ, ಗೋಡೆಗೆ ಕಂಬಳಿ ತೂಗಿಹಾಕಿ. ಗೋಡೆಗೆ ಅಂಟಿಸದೆ ಎರಡಿಂಚು ಬಿಟ್ಟರೆ ಇನ್ನಷ್ಟು ಕೆಲಸ ಮಾಡುತ್ತದೆ. ಚಳ್ಳಕೆರೆ ಕಡೆಯ ಕರಿ ಕಂಬಳಿ ನೋಡಲಿಕ್ಕೂ ಚೆಂದ. ಮೊಟ್ಟೆ ಟ್ರೇ ಅಂಟಿಸುವವರಿದ್ದಾರೆ. ಅದರಿಂದ ರೂಮು ಕೋಳಿ ಫಾರಂ ಆಗುತ್ತದೆಯೇ ಹೊರತು ಸದ್ದು ಸುಧಾರಿಸುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಅರವತ್ತರ ದಶಕದ ಪಿ.ಬಿ. ಶ್ರೀನಿವಾಸ್ ಹಾಡೊಂದನ್ನು ಹಾಕಿ. ಆ ಕಾಲದ ಚಿತ್ರಗೀತೆಗಳು ಮೋನೊ, ಎರಡೂ ಸ್ಪೀಕರಿಗೆ ಹೋಗುವುದು ಒಂದೇ ಸದ್ದು. ಹಾಗಾಗಿ ದನಿ ಕರಾರುವಾಕ್ಕಾಗಿ ನಟ್ಟನಡುವೆ ಬರಬೇಕು. ದನಿ ಚದುರಿ ಬೇಸ್ ಮಾಯವಾಗಿದ್ದರೆ ಒಂದು ಸ್ಪೀಕರಿನ ಕೆಂಪು–ಕಪ್ಪು ತಂತಿ ಅದಲುಬದಲಾಗಿದೆ. ಆಂಪ್ ಆಫ್ ಮಾಡಿ ಸರಿಪಡಿಸಿ. ಆಮೇಲೆ ತಂಬೂರಿಯೊಂದೇ ಮೀಟುವ ಧ್ವನಿಮುದ್ರಿಕೆ ಕೇಳಿ, ಅದರ ಸಣ್ಣ ಝೇಂಕಾರ ಎರಡೂ ಕಡೆ ಒಂದೇ ಸಮ ಇಲ್ಲದಿದ್ದರೆ ಯಾವುದೋ ಟ್ವೀಟರ್ ಸೋತಿದೆ.

ಮುಂದೆ ಕೈಗೆ ಸ್ಟೈಪೆಂಡ್ ಬಂದಾಗ ದೊಡ್ಡ ಆಂಪ್ ಕೊಳ್ಳುವ ಆಸೆ ಬರುತ್ತದೆ, ಸಬ್‌ವೂಫರ್ ತರುವ ಆಸೆಯೂ ಬರುತ್ತದೆ. ಪಕ್ಕದ ರೂಮಿನವರಿಗೂ ನಾಳೆ ಪರೀಕ್ಷೆ ಇರಬಹುದು, ಸಬ್‌ವೂಫರ್ ಬೇಡ. ಆಂಪನ್ನೂ ಹಾಗೇ ಇಟ್ಟುಕೊಳ್ಳಿ, ಬದಲಿಸುವುದಾದರೆ ಸ್ಪೀಕರ್ ಬದಲಿಸಿ.